ಸುಲಿಯುವ ಚಪ್ಪರ

ನೆರೆಮನೆಯ ಹುಡುಗಿ, ಕಾಲೇಜಿನಲ್ಲಿ ಓದುವವಳು, ಮೊನ್ನೆ ಕೇಳಿದಳು: "ನಿಮಗೆ ಬರೆಯೋಕೆ ಕತೆ ಎಲ್ಲಿ ಸಿಗ್ತಿತ್ತು ದೊಡ್ಡಪ್ಪಾ?" ತೀರ್ಥಹಳ್ಳಿ ಸೀಮೆಯ ನನ್ನ ವಾರಗೆಯವರು ಯಾರೂ ಇದನ್ನು ಕೇಳುವುದಿಲ್ಲ. ದೀಪಾವಳಿಯ ಹೊತ್ತಿಗೆ ಮಳೆ ಬಿಟ್ಟು ಅಡಿಕೆಯ ಕೊನೆಕೊಯ್ಲು ಜೋರಾದರೆ ಕತೆಗಳು ತಾವಾಗಿಯೇ ಅಂಗಳಕ್ಕೆ ಬರುತ್ತಿದ್ದವು.

ಕೆಂಪಡಿಕೆಗೆ ಕೊಯ್ದ ಹಸಿಕಾಯಿಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಹಗಲು ಇಳಿಸಿದ್ದನ್ನು ರಾತ್ರಿಯೇ ಸುಲಿದು ಬೆಳಿಗ್ಗೆ ಹಂಡೆಗೆ ಹಾಕಿ ಬೇಯಿಸಬೇಕು. ಗ್ಯಾಸ್‌ಲೈಟಿನ ಸುತ್ತ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ನಡುರಾತ್ರಿ ದಾಟುತ್ತಿತ್ತು. ಹಿತ್ತಲಿನ ಒಲೆಯಿಂದ ಅಡಿಕೆ ಬೆಂದ ಚೊಗರಿನ ಒಗರು ವಾಸನೆ ಹೊಗೆಯೊಂದಿಗೆ ಬಂದು ಕಂಬಳಿ, ಕೂದಲು, ಶಾಲೆಯ ಪುಸ್ತಕಗಳಲ್ಲೆಲ್ಲ ಇಳಿಯುತ್ತಿತ್ತು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡದೆ ಕೊಳೆರೋಗ ಬಂದ ವರ್ಷ ರಾಶಿಯೂ ಸಣ್ಣದು, ಕತೆಯೂ ಗಿಡ್ಡ.

ಕತೆಯ ಯಜಮಾನಿಕೆ ಕೆಳಕೇರಿಯ ಅಜ್ಜಿಯದು. ಕಾಯಿಯತ್ತ ನೋಡದೆ ಸುಲಿಯುತ್ತಿದ್ದಳು. ಭೂತ ಹಿಡಿದ ಸೊಸೆ, ಘಟ್ಟ ಇಳಿದು ಹೋಗಿ ವಾಪಸು ಬಾರದ ಗಂಡ, ಹುಲಿಗೆ ಹೆದರದ ಬಾಣಂತಿ ಎಲ್ಲರೂ ಅವಳಿಗೆ ನೆಂಟರೇ. ಕತೆ ಬಿಗಿಯಾದ ಜಾಗಕ್ಕೆ ಬಂದಾಗ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಬರೆಯುವವನಿಗೆ ಅದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ.

ಸುಲಿದ ಅಡಿಕೆಗೆ ಕೂಲಿ ಡಬ್ಬದ ಲೆಕ್ಕ. "ಅಯ್ಯಾ, ನಿಮ್ಮ ಡಬ್ಬಕ್ಕೆ ವರ್ಷಾ ವರ್ಷಾ ಹೊಟ್ಟೆ ಬರ್ತದಲ್ಲ!" ಎಂದು ಅವಳು ಅಂದರೆ ಚಪ್ಪರವೆಲ್ಲ ನಗುತ್ತಿತ್ತು. ಅಪ್ಪಯ್ಯ ಡಬ್ಬಕ್ಕೆ ಒಂದು ಗುದ್ದು ಹಾಕಿ ಹೊಟ್ಟೆ ಒಳಗೆ ತಳ್ಳುತ್ತಿದ್ದರು. ಮರುವರ್ಷ ಅದು ಮತ್ತೆ ಉಬ್ಬಿರುತ್ತಿತ್ತು.

ಆ ನಗುವನ್ನಷ್ಟೇ ನೆನೆದರೆ ಸುಳ್ಳಾಗುತ್ತದೆ. ಸುಲಿಯುವ ಹೆಂಗಸರ ಬೆರಳುಗಳು ಕಪ್ಪಾಗಿ ಬಿರಿದಿರುತ್ತಿದ್ದವು. ಸಿಪ್ಪೆಯ ಗುಡ್ಡೆಯ ಮೇಲೆ ಅವರ ಮಕ್ಕಳು ಮಲಗಿರುತ್ತಿದ್ದವು. ಅಜ್ಜಿ ಜಗುಲಿ ಹತ್ತಿದ್ದನ್ನು ನಾನು ನೋಡಿಲ್ಲ. 1939ರಿಂದ ಇರುವ ಶಿವಮೊಗ್ಗದ ಮಾಮ್‌ಕೋಸ್ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಮ್ಮ ಅಡಿಕೆಗೆ ಬೇರೆ ಬೇರೆ ದರ ಸಿಕ್ಕಿತು. ಅವಳ ಕತೆಗಳಿಂದ ನನಗೆ ಹೆಸರು ಸಿಕ್ಕಿತು. ಅವಳಿಗೆ ಸಿಕ್ಕಿದ್ದು ಡಬ್ಬದ ಕೂಲಿ ಮಾತ್ರ.

ಈಗ ಯಂತ್ರ ಸುಲಿಯುತ್ತದೆ. ಕೆಲವರು ಫಸಲನ್ನೇ ಚೇಣಿಗೆ ಕೊಟ್ಟು ಬೆಂಗಳೂರಿನಿಂದ ಫೋನಿನಲ್ಲಿ ದರ ಕೇಳುತ್ತಾರೆ. ಯಂತ್ರ ಬಂದದ್ದು ಒಳ್ಳೆಯದೇ, ಅಜ್ಜಿಯ ಮೊಮ್ಮಗಳ ಬೆರಳು ಉಳಿಯಿತು. ಆದರೆ ಅದರ ಗದ್ದಲದಲ್ಲಿ ಪಕ್ಕದವರ ಮಾತೇ ಕೇಳಿಸದು. ಹಬ್ಬಕ್ಕೆ ಬಂದವರು ಹಂಚಿನ ಮನೆಯ ಮುಂದೆ ಫೋಟೊ ತೆಗೆಸಿಕೊಂಡು ತಾವು ಮಲೆನಾಡಿಗರು ಅನ್ನುತ್ತಾರೆ. ತೋಟದ ಗಡಿ ಕಲ್ಲು ತೋರಿಸಲು ಬಾರದವರು!

ಹುಡುಗೀ, ಮಳೆ, ಮಂಜು, ಕೆಸುವಿನೆಲೆ ಎಂದು ಬರೆಯುತ್ತಾ ಕೂರಬೇಡ, ಅದನ್ನು ನಾವು ಸಾಕಷ್ಟು ಬರೆದು ಹಳಸಲು ಮಾಡಿದ್ದೇವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬಂದವರಿದ್ದಾರೆ. ಹಗಲೆಲ್ಲ ದುಡಿದು ರಾತ್ರಿ ಒಟ್ಟಿಗೆ ಕೂತು ಮಾತಾಡುವವರು ಈಗ ಅವರೇ. ಅಲ್ಲಿಗೆ ಹೋಗು, ಅವರ ಮಾತು ಕಲಿ. ಬರೆದಾಗ ಅವರ ಪಾಲು ಅವರಿಗೆ ಕೊಡು.