ನಿಂತ ಎಂಜಿನ್ನಿಗೆ ಮತ್ತೆ ಉರಿ

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದಾಗ ಕೆಂಪುಕೋಟೆ, ಕುತುಬ್ ಮಿನಾರುಗಳ ಸರದಿ ಮುಗಿದ ಮೇಲೆ, ಜೊತೆಯಲ್ಲಿ ಮಕ್ಕಳಿದ್ದರೆ, ಚಾಣಕ್ಯಪುರಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದ ಸರದಿ ಬರುತ್ತದೆ. ನಾವು ಎಂದರೆ ಕೇಂದ್ರ ಸರ್ಕಾರದ ಬೇರೆ ಬೇರೆ ಕಚೇರಿಗಳಲ್ಲಿ ದುಡಿಯುತ್ತ, ತಿಂಗಳಿಗೊಂದು ಭಾನುವಾರ ಒಂದೆಡೆ ಸೇರಿ ಕನ್ನಡ ಪುಸ್ತಕ ಓದುವ ನಾಲ್ಕೈದು ಸಂಸಾರಗಳು. ಹೀಗೆ ನೆಂಟರ ನೆಪದಲ್ಲಿ ನಾವು ಅಲ್ಲಿಗೆ ಎಷ್ಟು ಸಲ ಹೋಗಿದ್ದೇವೆಯೋ ಲೆಕ್ಕವಿಟ್ಟಿಲ್ಲ. ಹೋದಾಗಲೆಲ್ಲ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಹಿಂತಿರುಗಿದ್ದೇವೆ. ನಿಂತುಹೋದ ಯಂತ್ರವನ್ನು ಮತ್ತೆ ಓಡಿಸುವುದು ಎಂದರೆ ನಿಜವಾಗಿ ಏನು?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ಉತ್ತರವಿದೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1855ರಲ್ಲಿ ತಯಾರಾಗಿ, ಅದೇ ವರ್ಷ ಕಲ್ಕತ್ತೆಗೆ ಬಂದಿಳಿದ ಪುಟ್ಟ ಉಗಿ ಎಂಜಿನ್ನೊಂದಕ್ಕೆ ಈಸ್ಟ್ ಇಂಡಿಯನ್ ರೈಲ್ವೆಯವರು ಕೊಟ್ಟದ್ದು 22 ಎಂಬ ಸಂಖ್ಯೆ ಮಾತ್ರ. ‘ಫೇರಿ ಕ್ವೀನ್’ ಎಂಬ ಹೆಸರು ಬಂದದ್ದು 1895ರಲ್ಲಿ. ಹೌರಾ ಮತ್ತು ರಾಣಿಗಂಜ್‌ಗಳ ನಡುವೆ ಟಪಾಲು ಗಾಡಿಗಳನ್ನು ಎಳೆದು, 1857ರಲ್ಲಿ ಸೈನಿಕರನ್ನು ಹೊತ್ತು, ಕೊನೆಗೆ ಬಿಹಾರದಲ್ಲಿ ಹೊಸ ಮಾರ್ಗ ಹಾಕುವವರ ಕೈಯಾಳಾಗಿ ದುಡಿದು ಅದು 1909ರಲ್ಲಿ ನಿವೃತ್ತಿ ಹೊಂದಿತು. ಆಮೇಲೆ ಹೌರಾ ನಿಲ್ದಾಣದ ಹೊರಗಿನ ಕಟ್ಟೆಯ ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ನಿಂತಿತು. ಅಲ್ಲಿಂದ ಚಂದೌಸಿಯ ರೈಲ್ವೆ ತರಬೇತಿ ಶಾಲೆಗೆ, ಮುಂದೆ ದೆಹಲಿಯ ಸಂಗ್ರಹಾಲಯಕ್ಕೆ ಬಂತು. 1997ರಲ್ಲಿ, ಅಂದರೆ ನಿವೃತ್ತಿಯ 88 ವರ್ಷಗಳ ನಂತರ, ಅದರ ಒಲೆಗೆ ಮತ್ತೆ ಬೆಂಕಿ ಬಿತ್ತು. ದೆಹಲಿಯಿಂದ ಅಲ್ವರ್‌ವರೆಗೆ ಪ್ರವಾಸಿಗರನ್ನು ಎಳೆದೊಯ್ದ ಅದು, ನಿಯತವಾಗಿ ಓಡುತ್ತಿರುವ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು 1998ರಲ್ಲಿ ಗಿನ್ನೆಸ್ ಪುಸ್ತಕವನ್ನು ಸೇರಿತು.

ಬಸವಣ್ಣನವರ ನಾಡಿನವರಾದ ನಮಗೆ ಸ್ಥಾವರ, ಜಂಗಮ ಎಂಬ ಎರಡು ಮಾತುಗಳು ಬಾಲ್ಯದಿಂದ ಪರಿಚಿತ. ಕಟ್ಟೆ ಏರಿದ ಎಂಜಿನ್ನನ್ನು ಕಂಡಾಗ, ಚಲಿಸುವುದೇ ಧರ್ಮವಾಗಿದ್ದ ವಸ್ತುವೊಂದು ಸ್ಥಾವರವಾಯಿತಲ್ಲ ಎನಿಸುತ್ತದೆ. ಆದರೆ ಅದನ್ನು ಮತ್ತೆ ಜಂಗಮವಾಗಿಸುವ ಕೆಲಸ ಬಣ್ಣ ಬಳಿದು, ಎಣ್ಣೆ ಹಾಕಿ, ಬೆಂಕಿ ಹೊತ್ತಿಸುವಷ್ಟು ಸರಳವಲ್ಲ.

ಎಲ್ಲಕ್ಕಿಂತ ಮೊದಲ ತೊಡಕು ಬಾಯ್ಲರಿನದು. ನಮ್ಮ ಊರಿನ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ನೆನೆದುಕೊಂಡರೆ ಅರ್ಧ ವಿಷಯ ಅರ್ಥವಾಗುತ್ತದೆ. ಗಡಸು ನೀರನ್ನು ವರ್ಷಗಟ್ಟಲೆ ಕಾಯಿಸಿದ ಹಂಡೆಯ ಒಳಗೋಡೆಗೆ ಸುಣ್ಣದಂಥ ಪದರ ಕಟ್ಟುತ್ತದೆ, ಉರಿಯ ಶಾಖ ನೀರಿಗೆ ತಲಪುವುದು ತಡವಾಗುತ್ತದೆ. ಎಂಜಿನ್ನಿನಲ್ಲಿ ಆಗುವುದೂ ಅದೇ. ಆದರೆ ಹಂಡೆಯ ಬಾಯಿ ತೆರೆದಿರುತ್ತದೆ, ಬಾಯ್ಲರಿನ ಬಾಯಿ ಮುಚ್ಚಿರುತ್ತದೆ. ನೀರು ಹಬೆಯಾದಾಗ ಬಯಲಿನಲ್ಲಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಯನ್ನು ಅದುಮಿಟ್ಟಿರುವ ಉಕ್ಕಿನ ತಗಡು ತುಕ್ಕು ತಿಂದು ತೆಳುವಾಗಿದ್ದರೆ ಒದಗುವುದು ಅಪಘಾತವಲ್ಲ, ಸ್ಫೋಟ. ಆದ್ದರಿಂದ ಹಳೆಯ ಬಾಯ್ಲರನ್ನು ಬಿಚ್ಚಿ, ಒಳಗಿನ ಕೊಳವೆಗಳನ್ನೆಲ್ಲ ಹೊರಗೆಳೆದು, ತಗಡಿನ ದಪ್ಪವನ್ನು ಶ್ರವಣಾತೀತ ಧ್ವನಿಯಿಂದ ಅಂಗುಲ ಅಂಗುಲವಾಗಿ ಅಳೆಯುತ್ತಾರೆ. ಒಲೆಯ ಒಳಗೋಡೆಯನ್ನೂ ಹೊರಗೋಡೆಯನ್ನೂ ಬಿಗಿದು ಹಿಡಿದ ನೂರಾರು ಸಲಾಕೆಗಳಲ್ಲಿ ಯಾವುದು ಮುರಿದಿದೆ ಎಂಬುದನ್ನು ಸುತ್ತಿಗೆಯಿಂದ ತಟ್ಟಿ, ಸದ್ದಿನಿಂದಲೇ ಗುರುತಿಸುತ್ತಾರೆ. ರಿಪೇರಿ ಮುಗಿದ ಮೇಲೆ ತಣ್ಣೀರು ತುಂಬಿಸಿ, ಓಡುವಾಗ ಇರಬೇಕಾದುದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಗುರಿಪಡಿಸುತ್ತಾರೆ. ಮೊದಲು ಹಬೆಯಿಂದ ಪರೀಕ್ಷಿಸದೆ ನೀರಿನಿಂದ ಪರೀಕ್ಷಿಸುವುದಕ್ಕೆ ಕಾರಣವಿದೆ: ನೀರು ಸೋರಿದರೆ ನೆಲ ಒದ್ದೆಯಾಗುತ್ತದೆ, ಹಬೆ ಸಿಡಿದರೆ ಜೀವ ಹೋಗುತ್ತದೆ.

ಈ ವಿಷಯವನ್ನು ನಮಗೆ ತಿಳಿಯಹೇಳಿದ್ದು ಯಾವ ಪುಸ್ತಕವೂ ಅಲ್ಲ. ನಮ್ಮ ಗುಂಪಿನ ಗೆಳೆಯರೊಬ್ಬರ ತಂದೆ, ನಾವೆಲ್ಲ ಕಾಕಾ ಎಂದು ಕರೆಯುವ ಎಂಬತ್ತರ ಹಿರಿಯರು, ಹುಬ್ಬಳ್ಳಿಯ ಷೆಡ್ಡಿನಲ್ಲಿ ಮೀಟರ್‌ಗೇಜ್ ಎಂಜಿನ್ನುಗಳ ಫೈರ್‌ಮನ್ ಆಗಿ ಸೇರಿ ಡ್ರೈವರಾಗಿ ನಿವೃತ್ತರಾದವರು. ಚಳಿಗಾಲದ ಒಂದು ಭಾನುವಾರ ಅವರನ್ನು ಸಂಗ್ರಹಾಲಯಕ್ಕೆ ಕರೆದೊಯ್ದೆವು. ಹೊಳೆಯುವ ಎಂಜಿನ್ನೊಂದರ ಸುತ್ತ ಒಂದು ಸುತ್ತು ಬಂದು, ಬೆರಳ ಗೆಣ್ಣಿನಿಂದ ಅದರ ಹೊಟ್ಟೆಯನ್ನು ಎರಡು ಸಲ ತಟ್ಟಿ, “ಬಣ್ಣ ಭಾಳ ಛಲೋ ಹಚ್ಯಾರ. ಒಳಗ ಏನಾಗೇದ ಅಂತ ಯಾರು ನೋಡ್ಯಾರ?” ಎಂದರು. ಬೆಂಕಿ ಹಾಕುವುದು ಕಷ್ಟದ ಕೆಲಸವೇ ಎಂದು ನಮ್ಮ ಹುಡುಗರು ಕೇಳಿದಾಗ ಅವರು ನಕ್ಕರು. “ಕಲ್ಲಿದ್ದಲಿ ಒಗೆಯೂದು ಯಾರಿಗೂ ಬರ್ತದ ತಮ್ಮಾ. ಉರಿ ಓದೂದು ಬರಬೇಕು. ಹೊಗಿ ಕರ್ರಗ ಬಂತಂದ್ರ ಗಾಳಿ ಸಾಲವಲ್ದು ಅಂತ ತಿಳೀಬೇಕು. ನೀರಿನ ಗಾಜಿನ ಮ್ಯಾಲಿಂದ ಕಣ್ಣು ತೆಗೀಬಾರದು.” ಒಲೆಯ ನೆತ್ತಿಯ ಮೇಲೆ ಸದಾ ನೀರು ನಿಂತಿರಬೇಕು. ಅದು ಬತ್ತಿದರೆ ನೆತ್ತಿಯಲ್ಲಿ ಕೂಡಿಸಿದ ಸೀಸದ ಬೂಚು ಕರಗಿ, ಹಬೆ ಬೆಂಕಿಯ ಮೇಲೆ ಸುರಿದು ಎಚ್ಚರಿಸುತ್ತದೆ. ಬರಿಯ ಹಂಡೆಗೆ ಉರಿ ಹಾಕಬೇಡಿ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಮಾತು ಇಷ್ಟು ದೂರ ಬರುತ್ತದೆಂದು ನಾವು ಎಣಿಸಿರಲಿಲ್ಲ.

ಬಾಯ್ಲರು ಗೆದ್ದರೂ ಮುಂದಿನ ತೊಡಕುಗಳು ಕಾದಿರುತ್ತವೆ. ಚಕ್ರಗಳ ಅಚ್ಚುಗಳಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ಅಚ್ಚು ಕೂರುವ ಬೇರಿಂಗುಗಳಿಗೆ ಬಿಳಿ ಲೋಹವನ್ನು ಎರಕ ಹೊಯ್ದು, ಕೈಯಿಂದ ಕೆರೆದು ಕೂಡಿಸಬೇಕು. ನೂರೈವತ್ತು ವರ್ಷ ಹಳೆಯ ಎಂಜಿನ್ನಿನ ಅಳತೆಗಳೆಲ್ಲ ಅಂಗುಲದ ಲೆಕ್ಕದವು. ಇಂದಿನ ಅಂಗಡಿಯ ಮಿಲಿಮೀಟರಿನ ಬೋಲ್ಟು ಅಲ್ಲಿ ಕೂರುವುದಿಲ್ಲ. ಮೂಲ ನಕ್ಷೆಗಳು ಸಿಗದಿದ್ದಲ್ಲಿ ಸವೆದ ಭಾಗವನ್ನೇ ಅಳೆದು, ಸವೆಯುವ ಮೊದಲು ಅದು ಹೇಗಿದ್ದಿರಬೇಕೆಂದು ಊಹಿಸಿ, ಮರದ ಅಚ್ಚು ಕಡೆದು ಎರಕ ಹೊಯ್ಯಬೇಕು. ಫೇರಿ ಕ್ವೀನ್‌ನ ಅನೇಕ ಬಿಡಿಭಾಗಗಳು 2011ರಲ್ಲಿ ಕಳುವಾದಾಗ ಅದನ್ನು ಚೆನ್ನೈನ ಪೆರಂಬೂರು ಕಾರ್ಯಾಗಾರಕ್ಕೆ ಕಳುಹಿಸಬೇಕಾಯಿತು. ಅದರ ಜೋಡಿ ಎಂಜಿನ್ನಾದ 21ನೆಯ ಸಂಖ್ಯೆಯ ‘ಎಕ್ಸ್‌ಪ್ರೆಸ್’ ಜಮಾಲ್‌ಪುರದ ಕಟ್ಟೆಯ ಮೇಲೆ ದೀರ್ಘಕಾಲ ನಿಂತಿತ್ತು. ಅದಕ್ಕೂ 2010ರಲ್ಲಿ ಜೀವ ಬಂದದ್ದು ಇದೇ ಪೆರಂಬೂರಿನಲ್ಲಿ. ಫೇರಿ ಕ್ವೀನ್ 2017ರ ಫೆಬ್ರವರಿಯಲ್ಲಿ ದೆಹಲಿಯಿಂದ ರೇವಾಡಿಗೆ ಮತ್ತೆ ಓಡಿತು.

ಎಂಜಿನ್ ಸಿದ್ಧವಾದರೂ ಹಾದಿ ಸಿದ್ಧವಿರಬೇಕಲ್ಲ? ಉಗಿಯ ಕಾಲದಲ್ಲಿ ದೊಡ್ಡ ನಿಲ್ದಾಣಗಳಲ್ಲೆಲ್ಲ ನೀರಿನ ಕಂಬ, ಬೂದಿಗುಂಡಿ, ಎಂಜಿನ್ ತಿರುಗಿಸುವ ಚಕ್ರಕಟ್ಟೆ ಇರುತ್ತಿದ್ದವು. ಅವೆಲ್ಲ ಈಗ ಬಹುತೇಕ ಮಾಯವಾಗಿವೆ. ನೆತ್ತಿಯ ಮೇಲೆ 25,000 ವೋಲ್ಟಿನ ತಂತಿ ಹಾದಿರುವಲ್ಲಿ ಎಂಜಿನ್ನಿನ ಮೇಲೆ ಹತ್ತಿ ನೀರು ತುಂಬಿಸುವುದು ಸಾವಿಗೆ ಆಹ್ವಾನ. ವೇಗದ ಗಾಡಿಗಳ ನಡುವೆ ನಿಧಾನದ ಈ ಅಜ್ಜಿಗೆ ದಾರಿ ಬಿಡಿಸುವುದು ವೇಳಾಪಟ್ಟಿ ಮಾಡುವವರಿಗೆ ತಲೆನೋವು. ಇಷ್ಟರ ಮೇಲೆ, ತಣ್ಣಗಿರುವ ಬಾಯ್ಲರನ್ನು ಒಮ್ಮೆಲೇ ಕಾಯಿಸುವಂತಿಲ್ಲ. ಲೋಹ ಸಮವಾಗಿ ಹಿಗ್ಗಲೆಂದು ಹಿಂದಿನ ದಿನದಿಂದಲೇ ಸಣ್ಣ ಉರಿಯಲ್ಲಿ ಬೆಚ್ಚಗಾಗಿಸಬೇಕು. ಕೆಲವು ಗಂಟೆಗಳ ಓಟಕ್ಕೆ ಎರಡು ದಿನಗಳ ಊಳಿಗ.

ಬಾಯ್ಲರು ಬದಲಾಗಿ, ಕೊಳವೆಗಳು ಬದಲಾಗಿ, ಬೇರಿಂಗುಗಳು ಬದಲಾದ ಮೇಲೆ ಉಳಿದದ್ದು ಅದೇ ಎಂಜಿನ್ನೇ? ಗ್ರೀಕರು ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿ ಇದೇ ಪ್ರಶ್ನೆಯನ್ನು ಕೇಳಿಕೊಂಡಿದ್ದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಎಂ.ಎ. ತರಗತಿಯಲ್ಲಿ ಇದನ್ನು ಒಗಟಿನಂತೆ ಓದಿದೆವು. ನಮ್ಮ ನಾಡಿನವರಿಗೆ ಇದು ಅಂಥ ಒಗಟಲ್ಲ. ನಾವು ಗುಡಿಗಳ ಜೀರ್ಣೋದ್ಧಾರವನ್ನು ಕಂಡವರು. ಕಲ್ಲು ಬದಲಾದರೂ, ಗೋಪುರ ಹೊಸದಾದರೂ, ಪೂಜೆ ತಪ್ಪದಿದ್ದರೆ ಗುಡಿ ಅದೇ ಗುಡಿ. ಎಂಜಿನ್ನಿನ ವಿಷಯದಲ್ಲಿ ಪೂಜೆ ಎಂದರೆ ಕೆಲಸ. ಆದರೆ ಸಂಗ್ರಹಾಲಯದವರ ಅಳಲನ್ನೂ ಕೇಳಬೇಕು. ಓಡಿದಷ್ಟೂ ಮೂಲ ಲೋಹ ಸವೆಯುತ್ತದೆ. 1855ರ ಕಮ್ಮಾರನ ಸುತ್ತಿಗೆಯ ಗುರುತಿರುವ ತುಂಡೊಂದನ್ನು ಕಿತ್ತು ಹೊಸದನ್ನು ಕೂಡಿಸಿದಾಗ ಒಂದು ಸಾಕ್ಷ್ಯ ಕಳೆದುಹೋಗುತ್ತದೆ. ಜಂಗಮವಾದುದಕ್ಕೂ ಇಲ್ಲಿ ಅಳಿವುಂಟು. ಆದ್ದರಿಂದ ಎಲ್ಲ ಎಂಜಿನ್ನುಗಳನ್ನೂ ಓಡಿಸಬೇಕೆಂದು ನಾವು ವಾದಿಸುವುದಿಲ್ಲ. ಒಂದೇ ಒಂದು ಉಳಿದಿರುವ ಜಾತಿಯದು ನಿಂತೇ ಇರಲಿ. ಹಲವು ಉಳಿದಿರುವ ಜಾತಿಯದೊಂದು ಓಡಲಿ.

ಓಡಲಿ ಎನ್ನಲು ಕಾರಣ ನೋಟದ ಚೆಲುವಲ್ಲ. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ನನ್ನು ಕಟ್ಟಿದ್ದು 1970ರಲ್ಲಿ. ಬ್ರಾಡ್‌ಗೇಜಿನ ಹಳಿಗಳ ಮೇಲೆ ನಿತ್ಯದ ಉಗಿ ಗಾಡಿ ನಿಂತದ್ದು 1995ರಲ್ಲಿ. ಅಂದು ಬಾಯ್ಲರ್ ಕೆಲಸದಲ್ಲಿ ಪಳಗಿದ್ದವರಲ್ಲಿ ಬಹಳ ಮಂದಿ ಇಂದು ನಿವೃತ್ತರು. ಸರ್ಕಾರಿ ನೌಕರರಾದ ನಮಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಹುದ್ದೆ ರದ್ದಾದಾಗ ಕಡತದಲ್ಲಿ ಒಂದು ಸಾಲು ಬರೆಯುತ್ತೇವೆ, ನಿವೃತ್ತರಿಗೆ ಹಾರ ಹಾಕಿ ಫಲತಾಂಬೂಲ ಕೊಡುತ್ತೇವೆ. ಅವರ ಕೈಯಲ್ಲಿದ್ದ ವಿದ್ಯೆ ಯಾವ ಕಡತಕ್ಕೂ ಸೇರದೆ ಅವರೊಡನೆ ಬಾಗಿಲು ದಾಟುತ್ತದೆ. ಸಲಾಕೆಯ ಸದ್ದಿನಿಂದ ಬಿರುಕನ್ನು ಗುರುತಿಸುವ ಕಿವಿಯನ್ನು ಸುತ್ತೋಲೆ ಹೊರಡಿಸಿ ಮರಳಿ ಪಡೆಯಲಾಗದು. ಓಡುವ ಎಂಜಿನ್ ಒಂದಾದರೂ ಇದ್ದರೆ ಅದನ್ನು ನೋಡಿಕೊಳ್ಳಲು ಹೊಸಬರು ಕಲಿಯಲೇಬೇಕಾಗುತ್ತದೆ.

ದೆಹಲಿಯಿಂದ ಎಂಬತ್ತು ಕಿಲೋಮೀಟರು ದೂರದ ರೇವಾಡಿಯಲ್ಲಿ, 1893ರಲ್ಲಿ ಕಟ್ಟಿದ ಷೆಡ್ಡಿನಲ್ಲಿ, ಇದನ್ನು ನಾವು ಕಣ್ಣಾರೆ ಕಂಡೆವು. ಹಿಂದಿ ಚಿತ್ರಗಳಲ್ಲಿ ಕಾಣಿಸಿಕೊಂಡ ‘ಅಕ್ಬರ್’ ಸೇರಿದಂತೆ ಹಲವು ಎಂಜಿನ್ನುಗಳ ಮನೆ ಅದು. ಬೂದಿ ಮೆತ್ತಿದ ಬಟ್ಟೆಯ ತರುಣನೊಬ್ಬನಿಗೆ ಕಾಕಾ ತಮ್ಮ ಹುಬ್ಬಳ್ಳಿಯ ಹಿಂದಿಯಲ್ಲಿ ಏನೋ ಕೇಳಿದರು. ಅವನು ತನ್ನ ಹರಿಯಾಣವಿಯಲ್ಲಿ ಉತ್ತರಿಸಿದ. ಅರ್ಧ ಗಂಟೆ ಇಬ್ಬರೂ ಮಾತನಾಡಿದರು. ನಮಗೆ ಹೆಚ್ಚೇನೂ ತಿಳಿಯಲಿಲ್ಲ, ಅವರಿಬ್ಬರಿಗೆ ಎಲ್ಲವೂ ತಿಳಿಯಿತು.

ಹೊರನಾಡಿನಲ್ಲಿ ಕನ್ನಡ ಪುಸ್ತಕಗಳನ್ನು ಕಪಾಟಿನಲ್ಲಿ ಅಂದವಾಗಿ ಜೋಡಿಸಿಟ್ಟ ನಮ್ಮಂಥವರಿಗೆ ಇಲ್ಲೊಂದು ಪಾಠವಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಯ ಷೆಡ್ಡಿನಲ್ಲಿ ಇಂಗ್ಲಿಷ್ ಮಾತುಗಳು ಬಾಯಿಂದ ಬಾಯಿಗೆ ಸವೆದು ಕನ್ನಡವಾಗಿದ್ದವು, ಕನ್ನಡದ ಮಾತುಗಳು ಯಂತ್ರದ ಕೆಲಸಕ್ಕೆ ಒಗ್ಗಿದ್ದವು. ಯಾವ ನಿಘಂಟಿನಲ್ಲೂ ಇರದ ಆ ಮಾತುಗಳು ಕಾಕಾ ಅವರ ನಾಲಗೆಯ ಮೇಲಿವೆ. ಅವರು ಪ್ರತಿ ಚಳಿಗಾಲಕ್ಕೆ ಮಗನ ಮನೆಗೆ ಬಂದು ಮಾಘ ಮುಗಿಯುತ್ತಲೇ ಹುಬ್ಬಳ್ಳಿಗೆ ಮರಳುತ್ತಾರೆ. ಈ ಸಲದ ನಮ್ಮ ಭಾನುವಾರದ ಓದು ಪುಸ್ತಕದ್ದಲ್ಲ. ಅವರು ಹೇಳುತ್ತ ಹೋಗುತ್ತಾರೆ, ಹೈಸ್ಕೂಲಿನ ಮಕ್ಕಳು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಅಕ್ಷರ ತಪ್ಪಿದಲ್ಲಿ ನಾವು ತಿದ್ದುತ್ತೇವೆ, ಅರ್ಥ ತಪ್ಪಿದಲ್ಲಿ ಅವರು ತಿದ್ದುತ್ತಾರೆ. ನೋಟುಪುಸ್ತಕದ ಹದಿನಾಲ್ಕು ಪುಟಗಳು ತುಂಬಿವೆ, ಇನ್ನೂ ಒಲೆಯ ಭಾಗವೇ ಮುಗಿದಿಲ್ಲ.