ಆಸರಿಗೆ ಎಂತ ಬೇಕು?

ಬೇಸಿಗೆ ಬಂತೆಂದರೆ ಬೆಂಗಳೂರಿನಲ್ಲಿ ಎರಡು ಸಂಗತಿ ಖಾತ್ರಿ. ಒಂದು, ಆಫೀಸಿನ ಏಸಿ ಕೈಕೊಡುತ್ತೆ. ಇನ್ನೊಂದು, ಫ್ರೆಂಡ್ಸ್ ಗ್ರೂಪಿನಲ್ಲಿ ಯಾರೋ ಒಬ್ಬರು ‘ಎಲ್ಲಿಗಾದ್ರೂ ಹೋಗೋಣ್ವಾ?’ ಅಂತ ಕೇಳ್ತಾರೆ. ಆಮೇಲೆ ಗೋವಾ ಅಂತ ಶುರುವಾಗಿ, ಗೋಕರ್ಣಕ್ಕೆ ಇಳಿದು, ನಂದಿಬೆಟ್ಟಕ್ಕೆ ಬಂದು, ಕೊನೆಗೆ ಮಲ್ಲೇಶ್ವರದಲ್ಲಿ ಒಂದು ಮಸಾಲೆ ದೋಸೆಯಲ್ಲಿ ಪ್ಲಾನ್ ಮುಗಿದುಹೋಗುತ್ತೆ. ನಿಮ್ಮ ಗ್ರೂಪೂ ಹೀಗೇ ತಾನೆ?

ನಮ್ಮದು ನಾಲ್ಕು ಜನರ ಗುಂಪು. ಮೊದಲ ಕೆಲಸ ಸಿಕ್ಕಾಗ ಒಂದೇ ಟೀಮಿನಲ್ಲಿದ್ದವರು. ಈಗ ನಾಲ್ಕು ಕಂಪನಿ, ನಾಲ್ಕು ಏರಿಯಾ. ಒಬ್ಬರನ್ನೊಬ್ಬರು ಊರಿನ ಹೆಸರಲ್ಲೇ ಕರೆಯೋದು ರೂಢಿ. ಕೋಲಾರ, ದಾವಣಗೆರೆ, ಶಿರಸಿ, ಮತ್ತು ನಾನು ಮಂಡ್ಯ. ಈ ಸಲ ಜಗಳ ಶುರುವಾದದ್ದು ಪ್ರವಾಸದಿಂದ ಅಲ್ಲ, ಕುಡಿಯುವುದರಿಂದ. ಯಾರ ಊರಿನ ಬೇಸಿಗೆ ಪಾನೀಯ ಬೆಸ್ಟು?

ಕೋಲಾರ ಎದೆ ತಟ್ಟಿಕೊಂಡ. “ಶ್ರೀನಿವಾಸಪುರದ ಮಾವು ಇರೋವಾಗ ಬೇರೆ ಮಾತೇ ಇಲ್ಲ. ಹಣ್ಣು ಹಿಂಡು, ಕುಡಿ, ಮಲಗು.” ದಾವಣಗೆರೆ ಬಿಡ್ತಾಳಾ? “ಬೆಣ್ಣೆ ದೋಸಿಗೆ ಬೆಣ್ಣೆ ಎಲ್ಲಿಂದ ಬರ್ತೈತಿ ಅಂತ ಮಾಡೀಯಪ್ಪಾ? ಬೆಣ್ಣೆ ತೆಗೆದ ಮಜ್ಜಿಗಿ ನಮ್ಮನ್ಯಾಗಿರ್ತೈತಿ!” ನಾನು ರಾಗಿ ಅಂಬಲಿಯ ಪರ ವಾದಿಸಿದೆ. ರಾತ್ರಿ ಕಾಯಿಸಿ ಮಡಕೆಯಲ್ಲಿಟ್ಟು, ಬೆಳಗ್ಗೆ ಸ್ವಲ್ಪ ಹುಳಿ ಬಂದಮೇಲೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಒಂದು ಚೊಂಬು ಇಳಿಸಿದರೆ ಮಧ್ಯಾಹ್ನದವರೆಗೆ ಹಸಿವೂ ಇಲ್ಲ, ಸೆಕೆಯೂ ಇಲ್ಲ. ಹೊಲದಲ್ಲಿ ದುಡಿಯೋರ ಎನರ್ಜಿ ಡ್ರಿಂಕ್ ಕಣ್ರೋ ಅದು.

ಶಿರಸಿ ಎಲ್ಲ ಕೇಳಿಸಿಕೊಂಡು ಹೇಳಿದ: “ನಮ್ಮಲ್ಲಿ ಊಟದ ಸಾರನ್ನೇ ಲೋಟಕ್ಕೆ ಹಾಕ್ಕೊಂಡು ಕುಡೀತಾರೆ. ಬಂದು ನೋಡಿ, ಆಮೇಲೆ ಮಾತಾಡಿ.” ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದ. “ಈ ಬೇಸಿಗೇಲೇ ಬಂದ್ರೆ ಒಳ್ಳೇದು. ಮುಂದಿನ ವರ್ಷ ಆ ಮನೆ ಇರುತ್ತೋ ಇಲ್ವೋ.”

ಅದಾದ ಮೇಲೆ ಪ್ಲಾನ್ ಕ್ಯಾನ್ಸಲ್ ಮಾಡೋ ಧೈರ್ಯ ಯಾರಿಗೂ ಬರಲಿಲ್ಲ. ಮೇ ಒಂದರ ರಜೆಗೆ ಇನ್ನೆರಡು ದಿನ ಸೇರಿಸಿ ಹೊರಟೇ ಬಿಟ್ಟೆವು.

ದಾರಿ ಖರ್ಚಿಗೆ ಎಳನೀರು

ಬೆಂಗಳೂರಿನಿಂದ ಶಿರಸಿಗೆ ಸುಮಾರು 400 ಕಿಲೋಮೀಟರ್. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ, ಸಾಗರ, ಸಿದ್ದಾಪುರ. ಕೋಲಾರನ ಕಾರು, ದಾವಣಗೆರೆಯ ಹಾಡುಗಳು, ನನ್ನ ಕೋಡುಬಳೆ ಡಬ್ಬ. ಬೆಳಗಿನ ಐದಕ್ಕೇ ಊರು ಬಿಟ್ಟಿದ್ದರಿಂದ ನೆಲಮಂಗಲದ ಟ್ರಾಫಿಕ್ ತಪ್ಪಿತು.

ತಿಪಟೂರು ಹತ್ತಿರ ರಸ್ತೆ ಬದಿ ಎಳನೀರಿಗೆ ನಿಲ್ಲಿಸಿದೆವು. ಎರಡೂ ಬದಿಗೆ ಕಣ್ಣು ಹಾಯಿಸಿದಷ್ಟೂ ತೆಂಗು. ಆದರೆ ತಿಪಟೂರಿನ ಹೆಸರು ಇರೋದು ಕೊಬ್ಬರಿಗೆ. ಇಲ್ಲಿಯ ಬಹಳಷ್ಟು ಕಾಯಿ ಮರದಲ್ಲೇ ಬಲಿತು, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ, ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಹೋಗುತ್ತೆ. ಎಳನೀರಿನ ದೊಡ್ಡ ಮಾರುಕಟ್ಟೆ ಇರೋದು ನಮ್ಮ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. ಇದನ್ನು ನಾನು ಮೂರು ಸಲ ಹೇಳಿದೆ. ನಾಲ್ಕನೇ ಸಲ ಹೇಳುವಷ್ಟರಲ್ಲಿ ದಾವಣಗೆರೆ ಹಾಡಿನ ಸೌಂಡ್ ಜಾಸ್ತಿ ಮಾಡಿದಳು.

ಶಿವಮೊಗ್ಗದಲ್ಲಿ ಊಟ. ಸಾಗರದಲ್ಲಿ ಸೊಗದೆ ಬೇರಿನ ಶರಬತ್ತು. ಬೆಂಗಳೂರಿನ ಅಂಗಡಿಗಳಲ್ಲಿ ನನ್ನಾರಿ ಅಂತ ಬಾಟಲಿ ಸಿಗುತ್ತಲ್ಲ, ಅದೇ ಬೇರು. ಲೋಟ ಮೂಗಿನ ಹತ್ತಿರ ತಂದರೆ ಮೊದಲ ಮಳೆಗೆ ಮಣ್ಣಿನಿಂದ ಏಳುವ ಘಮ. ನಿಂಬೆಹುಳಿ ಹಿಂಡಿದ ಮೇಲೆ ಒಂದೇ ಗುಟುಕಿಗೆ ಖಾಲಿ. ಸಾಗರ ದಾಟಿದ ಮೇಲೆ ಸೆಕೆಯ ಸ್ವಭಾವವೇ ಬದಲಾಯಿತು. ಬಯಲುಸೀಮೆಯ ಸುಡುಬಿಸಿಲು ಹೋಗಿ, ಮೈಗೆ ಅಂಟುವ ಮಲೆನಾಡಿನ ಬೇಗೆ ಶುರು.

ಆಸರೆಯಲ್ಲ, ಆಸರಿ

ಶಿರಸಿಯ ಮನೆ ಪೇಟೆಯಿಂದ ಒಳಗೆ, ಸಿದ್ದಾಪುರದ ದಿಕ್ಕಿಗೆ. ಕೆಳಗೆ ತಗ್ಗಿನಲ್ಲಿ ಅಡಿಕೆ ತೋಟ, ಮೇಲೆ ಹಂಚಿನ ಮನೆ, ಹಿಂದೆ ಸೊಪ್ಪಿನ ಬೆಟ್ಟ. ಕಾರು ನಿಲ್ಲಿಸಿ ಜಗಲಿ ಹತ್ತುವಷ್ಟರಲ್ಲಿ ಅವನ ಅಮ್ಮ ಬಾಗಿಲಿಗೆ ಬಂದು ಕೇಳಿದರು: “ಬನ್ನಿ ಬನ್ನಿ. ಆಸರಿಗೆ ಎಂತ ಬೇಕು?”

ಕೋಲಾರ ನನ್ನ ಕಿವಿಯಲ್ಲಿ, “ಯಾರಿಗೆ ಆಸರೆ ಬೇಕಂತೆ?” ಅಂದ. ಆಸರೆ ಅಲ್ಲ ಮಾರಾಯ, ಆಸರಿ. ಬಾಯಾರಿಕೆಗೆ ಕುಡಿಯೋಕೆ ಕೊಡುವುದು. ಈ ಕಡೆಯ ಹವ್ಯಕರ ಮನೆಗಳಲ್ಲಿ ಬಂದವರಿಗೆ ಮೊದಲ ಪ್ರಶ್ನೆಯೇ ಇದು. ಯಾಕೆ ಬಂದ್ರಿ, ಏನು ಕೆಲಸ, ಸಂಬಳ ಎಷ್ಟು, ಮದುವೆ ಯಾವಾಗ ಎಲ್ಲ ಆಮೇಲೆ. ಮೊದಲು ಆಸರಿ. ಏನೂ ಬೇಡ ಅಂದರೂ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಬಂದೇ ಬರುತ್ತೆ.

ನಮಗೆ ಬಂದದ್ದು ಮುರುಗಲ ಪಾನಕ. ಮಂಗಳೂರಿನವರು ಪುನರ್ಪುಳಿ ಅನ್ನೋದು, ಅಂಗಡಿಯಲ್ಲಿ ಕೋಕಂ ಅಂತ ಮಾರೋದು ಇದನ್ನೇ. ಬಣ್ಣ ನೋಡಿದರೆ ಯಾರೋ ಕಲರ್ ಹಾಕಿದ್ದಾರೆ ಅನ್ನಿಸಬೇಕು, ಅಷ್ಟು ಕೆಂಪು. ಹಣ್ಣಾಗೋದು ಏಪ್ರಿಲ್, ಮೇ ತಿಂಗಳಲ್ಲಿ, ಸರಿಯಾಗಿ ನೆತ್ತಿ ಸುಡುವ ಹೊತ್ತಿಗೆ. ಅಂಗಳದಲ್ಲಿ ಬಿಸಿಲಿಗೆ ಒಂದು ಗಾಜಿನ ಭರಣಿ ಇಟ್ಟಿತ್ತು. ಹಣ್ಣನ್ನು ಅರ್ಧ ಸೀಳಿ, ಬೀಜ ತೆಗೆದು, ಆ ಬಟ್ಟಲಿನಂಥ ಸಿಪ್ಪೆಗೆ ಸಕ್ಕರೆ ತುಂಬಿ, ಪದರ ಪದರವಾಗಿ ಜೋಡಿಸಿದ್ದರು. ದಿನಾ ಬಿಸಿಲು ಕಂಡ ಹಾಗೆ ಸಕ್ಕರೆ ಕರಗಿ ರಸ ಬಿಡುತ್ತೆ. ಒಲೆ ಬೇಡ, ಬೆಂಕಿ ಬೇಡ. ಸುಡುವ ಬಿಸಿಲಿನಿಂದಲೇ ತಂಪು ತೆಗೆಯೋ ಲೆಕ್ಕ! ಸಿಪ್ಪೆ ಒಣಗಿಸಿದರೆ ವರ್ಷವಿಡೀ ಅಡುಗೆಗೆ ಹುಳಿ. ಬೀಜದಿಂದ ಮುರುಗಲ ತುಪ್ಪ. ಒಡೆದ ಹಿಮ್ಮಡಿಗೆ ಅದನ್ನೇ ಹಚ್ಚೋದು.

ಊಟದ ಎಲೆಯ ಮೇಲೆ ಒಂದೆಲಗದ ತಂಬುಳಿ. ಎಲೆಯನ್ನು ಕಾಯಿತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿದರೆ ಆಯ್ತು, ಕುದಿಸೋದೇ ಇಲ್ಲ. ಕೊನೆಗೆ ಬಂತು ನಮ್ಮ ಜಗಳ ಮುಗಿಸಿದ ಅಪ್ಪೆಹುಳಿ. ಉಪ್ಪುನೀರಲ್ಲಿ ಹಾಕಿಟ್ಟ ಮಾವಿನ ಮಿಡಿಯನ್ನು ಕಿವುಚಿ, ನೀರು ಸೇರಿಸಿ, ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸು ಚಟಪಟ ಅನ್ನಿಸಿ ಮೇಲೆ ಸುರಿಯೋದು. ತಿಳಿ ಅಂದರೆ ತಿಳಿ, ಲೋಟದ ತಳ ಕಾಣುತ್ತೆ. ಅನ್ನಕ್ಕೂ ಹಾಕ್ಕೋಬಹುದು, ಸುಮ್ಮನೆ ಕುಡೀಬಹುದು. ಕೋಲಾರ ಮೂರು ಲೋಟ ಕುಡಿದ. ಆಮೇಲೆ ಜಗಲಿ ಮೇಲೆ ಎಂಥಾ ನಿದ್ದೆ ಹೊಡೆದ ಅಂದರೆ, ನಾಲ್ಕು ಗಂಟೆಗೆ ಎಳ್ಳು ಪಾನಕ ತಂದು ಎಬ್ಬಿಸಬೇಕಾಯಿತು.

ಮೂರು ಮನೆಯ ಕೇರಿ

ಸಂಜೆ ಅಪ್ಪ ನಮ್ಮನ್ನು ಬೆಟ್ಟಕ್ಕೆ ಕರೆದುಕೊಂಡು ಹೋದರು. ಅವರಿಗೆ ಎಪ್ಪತ್ತು ದಾಟಿದೆ. ಏರು ಹತ್ತುವಾಗ ಏದುಸಿರು ಬಿಟ್ಟವರು ಮಾತ್ರ ನಾವೇ.

ಅಪ್ಪೆ ಮರ ತೋರಿಸಿದರು. ಅಪ್ಪೆಮಿಡಿ ಅಂದರೆ ಒಂದೇ ಜಾತಿ ಅಂದುಕೊಂಡಿದ್ದೆ. ಹಾಗಲ್ಲವಂತೆ. ಜೀರಿಗೆ ಪರಿಮಳದ್ದು ಒಂದು, ಕರ್ಪೂರದ ಘಮದ್ದು ಇನ್ನೊಂದು. ಹೊಳೆ ಅಂಚಿನ ಕಾಡುಮರಗಳಲ್ಲಿ ಮರಕ್ಕೊಂದು ರುಚಿ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದಕ್ಕಿದೆ. ಆದರೆ ಬೇಡಿಕೆ ಬಂದಹಾಗೆ ಕಷ್ಟವೂ ಬಂತು. ಮರ ಹತ್ತಿ ಒಂದೊಂದೇ ಮಿಡಿ ಕೊಯ್ಯೋ ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. “ಮುಂದಿನ ವರ್ಷದ ಮಿಡಿ ಯಾವ ಕೊಂಬೆ ಮೇಲೆ ಬರ್ತದೆ ಅಂತ ಅವರಿಗೆ ಚಿಂತೆ ಇಲ್ಲ,” ಅಂದರು ಅಪ್ಪ.

ಇಳಿದು ಬರುವಾಗ ಕೇರಿಯ ಉಳಿದ ಎರಡು ಮನೆ ಕಂಡೆವು. ಎರಡಕ್ಕೂ ಬೀಗ. ಒಂದು ಮನೆಯ ಮಕ್ಕಳು ಬೆಂಗಳೂರಲ್ಲಿ, ಇನ್ನೊಂದರವರು ಅಮೆರಿಕದಲ್ಲಿ. ಅಂಗಳದಲ್ಲಿ ಮೊಣಕಾಲುದ್ದ ಹುಲ್ಲು.

ರಾತ್ರಿ ಊಟದ ನಂತರ ಆ ಮಾತು ಬಂತು. ಶಿರಸಿ ಒಬ್ಬನೇ ಮಗ. ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಇಲ್ಲ, ಫೋನೂ ಇಲ್ಲ. ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದದ್ದು ಅವನಿಗೆ ಗೊತ್ತಾದದ್ದು ಮರುದಿನ. ಅಂದಿನಿಂದ ಅವನಿಗೆ ನಿದ್ದೆ ಸರಿಯಾಗಿಲ್ಲ. ತೋಟ, ಮನೆ ಕೊಟ್ಟು ಬೆಂಗಳೂರಿಗೆ ಬಂದುಬಿಡಿ ಅನ್ನೋದು ಅವನ ವಾದ.

“ಅಲ್ಲಿ ಬಂದು ನಾನು ಎಂತ ಮಾಡ್ಲಿ? ಲಿಫ್ಟ್ ಹತ್ತಿ ಇಳಿಯೋದಾ?” ಅಂತ ಅಪ್ಪ.

“ಇಲ್ಲಿ ಕೊನೆ ಕೊಯ್ಯೋಕೆ ಜನ ಸಿಗ್ತಾ ಇಲ್ಲ, ನಿಮಗೆ ಬಿ.ಪಿ. ಮಾತ್ರೆ ತರೋಕೂ ಜನ ಇಲ್ಲ,” ಅಂತ ಮಗ.

ಅಮ್ಮ ಮಾತ್ರ ಯಾರ ಕಡೆಯೂ ಸೇರಲಿಲ್ಲ. “ನನಗೆ ಅಲ್ಲಾದರೂ ಅಡ್ಡಿಲ್ಲ. ಆದರೆ ಅಲ್ಲಿ ನಮ್ಮನೆಗೆ ಯಾರು ಬರ್ತಾರೆ? ಆಸರಿಗೆ ಎಂತ ಬೇಕು ಅಂತ ಯಾರನ್ನು ಕೇಳೋದು?”

ನಾವು ಮೂವರೂ ತೆಪ್ಪಗಿದ್ದೆವು. ಯಾಕೆಂದರೆ ಇದೇ ಮಾತು ನಮ್ಮ ನಮ್ಮ ಮನೆಗಳಲ್ಲೂ ಇವತ್ತಲ್ಲ ನಾಳೆ ಬರೋದು. ಮಂಡ್ಯದಿಂದ ಬೆಂಗಳೂರು ನೂರು ಕಿಲೋಮೀಟರ್ ಅಷ್ಟೇ ಅಂತ ನಾನು ಸಮಾಧಾನ ಮಾಡ್ಕೋಬಹುದು. ಆದರೆ ನನ್ನಮ್ಮ ಅಂಬಲಿ ಕಾಯಿಸೋದು ಬಿಟ್ಟು ಎಷ್ಟು ವರ್ಷ ಆಯಿತು ಅಂತ ಆ ರಾತ್ರಿ ಲೆಕ್ಕ ಹಾಕಿದೆ. ಕುಡಿಯೋರು ಮನೆಯಲ್ಲಿಲ್ಲ ಅಂತಾನೇ ಅಲ್ವಾ?

ಕಲ್ಲು, ಘಟ್ಟ, ಕಡಲು

ಮರುದಿನ ಬೆಳಗ್ಗೆ ಸಹಸ್ರಲಿಂಗ. ಶಿರಸಿಯಿಂದ 17 ಕಿಲೋಮೀಟರ್ ಆಸುಪಾಸು. ಶಾಲ್ಮಲಾ ನದಿಯ ಬಂಡೆಬಂಡೆಗಳ ಮೇಲೂ ಕೆತ್ತಿದ ಲಿಂಗಗಳು, ಎದುರಿಗೊಂದು ಬಸವ. ಸೋದೆ ಅರಸರ ಕಾಲದ ಕೆಲಸ. ಮಳೆಗಾಲದಲ್ಲಿ ಹೋದರೆ ನೀರು ಬಿಟ್ಟು ಬೇರೇನೂ ಕಾಣದು. ಬೇಸಿಗೆಯಲ್ಲಿ ನೀರಿಳಿದಾಗಲೇ ಲಿಂಗಗಳು ಕಾಣಿಸೋದು. ಹಾಗಾಗಿ ‘ಬೇಸಿಗೇಲಿ ಮಲೆನಾಡಲ್ಲಿ ಏನಿದೆ?’ ಅನ್ನೋರಿಗೆ ಇದೇ ಉತ್ತರ. ಕದಂಬರ ಬನವಾಸಿಗೂ ಹೋಗಿ ಮಧುಕೇಶ್ವರನಿಗೆ ಕೈಮುಗಿದು ಬಂದೆವು. ಅಲ್ಲಿಯ ಕಲ್ಲಿನ ನೆಲ ಮಧ್ಯಾಹ್ನಕ್ಕೆ ಕಾದ ಕಾವಲಿ. ಹತ್ತು ಗಂಟೆಯೊಳಗೆ ಹೋಗಿ.

ಆಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ. ಶಿರಸಿಯಿಂದ ಸುಮಾರು 60 ಕಿಲೋಮೀಟರ್. ಮುರುಗಲು ಇಲ್ಲೂ ಸಿಕ್ಕಿತು, ಆದರೆ ವೇಷ ಬದಲಿಸಿಕೊಂಡು. ತೆಂಗಿನಹಾಲು ಸೇರಿ, ಬೆಳ್ಳುಳ್ಳಿ ಹಾಕಿಸಿಕೊಂಡು, ತಿಳಿಗುಲಾಬಿ ಬಣ್ಣದ ಸೋಲ್‌ಕಡಿ. ಮೀನೂಟದ ಜೊತೆ ಅದು ಇದ್ದರೆ ಬೇರೆ ಏನೂ ಬೇಡ. ಪಕ್ಕದ ಅಂಕೋಲಾದ ಕರಿ ಇಶಾಡ್ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ತೆಳು ಸಿಪ್ಪೆ, ತುಂಬಾ ರಸ. ಒಂದು ಹಣ್ಣು ತಿಂದ ಕೋಲಾರ ಬಹಳ ಹೊತ್ತು ಮಾತಾಡಲಿಲ್ಲ. “ಚೆನ್ನಾಗಿದೆ,” ಅಂದ ಕೊನೆಗೆ. “ಆದ್ರೆ ಶ್ರೀನಿವಾಸಪುರ ಶ್ರೀನಿವಾಸಪುರವೇ.” ಅಂದವನೇ ಒಂದು ಬುಟ್ಟಿ ಕೊಂಡ.

ನೀವೂ ಹೋಗೋದಾದರೆ

ಕಾರು ಬೇಕೇ ಬೇಕು ಅಂತಿಲ್ಲ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿ ರೈಲಿದೆ. ಅಲ್ಲಿಂದ ಜೋಗ ಹತ್ತಿರ, ಸಿದ್ದಾಪುರ, ಶಿರಸಿಗೆ ಬಸ್ಸು. ವಾಪಸ್ಸು ಬರೋಕೆ ಕುಮಟಾದಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಬೆಂಗಳೂರು. ರಜೆ ದಿನಗಳಿಗೆ ಟಿಕೆಟ್ ಮೊದಲೇ ಮಾಡಿ. ಪರಿಚಯದ ಮನೆ ಇಲ್ಲದಿದ್ದರೆ ಹೋಮ್‌ಸ್ಟೇಗಳಿವೆ. ಅಪ್ಪೆಹುಳಿ, ತಂಬುಳಿ ಬೇಕು ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಿಮ್ಮನ್ನು ನೋಡಿ ಪನೀರ್ ಮಾಡಿಬಿಡ್ತಾರೆ! ಬೇಸಿಗೆಯಲ್ಲಿ ಈ ಭಾಗದ ಕಾಡಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯ ಇರುತ್ತೆ. ಊರವರು ಬೇಡ ಅಂದ ಕಡೆ ನುಗ್ಗಬೇಡಿ. ಕಬ್ಬಿನ ಹಾಲು, ಆಲೆಮನೆ, ಬಿಸಿಬಿಸಿ ಬೆಲ್ಲ ಬೇಕಾದವರು ಜನವರಿ, ಫೆಬ್ರುವರಿಯಲ್ಲೇ ಹೋಗಿ. ಮುರುಗಲ ರಸ ತಂದರೆ ಗಾಜಿನ ಬಾಟಲಿಯಲ್ಲೇ ಇಡಿ, ಹುಳಿ ಪದಾರ್ಥ ಅದು. ಒಂದು ಲೋಟ ತಣ್ಣೀರಿಗೆ ಎರಡು ಚಮಚ, ಚಿಟಿಕೆ ಉಪ್ಪು, ಚಿಟಿಕೆ ಹುರಿದ ಜೀರಿಗೆ ಪುಡಿ. ಅಷ್ಟೇ.

ಮನೆ ಕೊಡೋ ವಿಚಾರ ದೀಪಾವಳಿವರೆಗೆ ಮುಂದಕ್ಕೆ ಹೋಗಿದೆ. ಮಳೆಗಾಲದ ಎರಡು ತಿಂಗಳು ಊರಿನಿಂದಲೇ ಕೆಲಸ ಮಾಡ್ತೀನಿ ಅಂತ ಶಿರಸಿ ಆಫೀಸಿನಲ್ಲಿ ಕೇಳಿದ್ದಾನೆ, ಉತ್ತರ ಬಂದಿಲ್ಲ. ಈ ಮಧ್ಯೆ ಹೋದ ವಾರ ಅವನ ಅಪ್ಪ ಫೋನ್ ಮಾಡಿದ್ದರಂತೆ. ಒಳ್ಳೆ ಅಪ್ಪೆ ಮರದ ಎರಡು ಕಸಿ ಗಿಡ ಸಿಕ್ಕಿವೆ, ಮಳೆ ಹಿಡಿದ ಕೂಡಲೇ ನೆಡಬೇಕು, ಗುಂಡಿ ತೋಡೋಕೆ ಜನ ಇಲ್ಲ, ಆ ಮೂವರನ್ನೂ ಕರ್ಕೊಂಡು ಬಾ ಅಂತ. ಕಸಿ ಗಿಡವಾದರೂ ಮಿಡಿ ಬಿಡೋಕೆ ಕೆಲವು ವರ್ಷ ಬೇಕೇ ಬೇಕು. ಮನೆ ಮಾರುವ ಮಾತಾಡುವಾಗಲೇ ಮರ ನೆಡೋಕೆ ಹೊರಟ ಮನುಷ್ಯರಿಗೆ ಆಗಲ್ಲ ಅನ್ನೋಕಾಗುತ್ತಾ? ಜೂನ್ ಕೊನೆಯ ಶನಿವಾರಕ್ಕೆ ಟಿಕೆಟ್ ಆಗಿದೆ. ಹಾರೆ, ಗುದ್ದಲಿ ಅಲ್ಲೇ ಇವೆಯಂತೆ. ಬೆಂಗಳೂರಿನಿಂದ ಏನು ತರಲಿ ಅಂತ ಅಮ್ಮನಿಗೆ ಕೇಳಿದ್ದಕ್ಕೆ, “ಎಂತದೂ ಬೇಡ, ಬಾಯಾರಿಕೊಂಡು ಬನ್ನಿ,” ಅಂದರು.