ಡೂಲಾಲಿ ಅಂದ್ರೆ ಲಾಲಿ ಅಲ್ಲ!

ಇಂಗ್ಲೆಂಡಿನವರ ಆಡುಮಾತಲ್ಲಿ ಒಂದು ಮಜಾ ಪದ ಇದೆ, 'ಡೂಲಾಲಿ'. ಅವನು ಡೂಲಾಲಿ ಆಗಿದಾನೆ ಅಂದ್ರೆ ತಲೆ ಕೆಟ್ಟಿದೆ, ಸ್ಕ್ರೂ ಲೂಸಾಗಿದೆ ಅಂತ. ದೊಡ್ಡ ಬೈಗುಳ ಏನಲ್ಲ, ಅರ್ಧ ತಮಾಷೆ. ಕೇಳೋಕೆ ಜೋಗುಳದ ಥರ ಇದೆ ಅಲ್ವಾ?

ಆದರೆ ಅದು ನಮ್ಮ ದೇವಳಾಲಿ ಕಣ್ರೀ! ಮುಂಬೈಯಿಂದ ರೈಲಿನಲ್ಲಿ ಹೋಗುವಾಗ ನಾಸಿಕ್ ರೋಡ್‌ಗೆ ಸ್ವಲ್ಪ ಮುಂಚೆ ಈ ಸ್ಟೇಷನ್ ಸಿಗುತ್ತೆ. ಬ್ರಿಟಿಷರ ಕಾಲದಲ್ಲಿ ಅಲ್ಲೊಂದು ಸೈನ್ಯದ ಶಿಬಿರ ಇತ್ತು. ಭಾರತದಲ್ಲಿ ಸೇವೆಯ ಅವಧಿ ಮುಗಿಸಿದ ಬಿಳಿ ಸಿಪಾಯಿಗಳನ್ನು ತಂದು ಅಲ್ಲಿ ಇಡೋರು. ಊರಿಗೆ ಕರೆದೊಯ್ಯುವ ಹಡಗು ಹೊರಡುತ್ತಿದ್ದದ್ದು ಚಳಿಗಾಲದ ಆಸುಪಾಸಿನ ತಿಂಗಳುಗಳಲ್ಲಿ ಮಾತ್ರ. ಅದು ತಪ್ಪಿತೋ, ಬೇಸಿಗೆ, ಮಳೆಗಾಲ ಎಲ್ಲ ಅಲ್ಲೇ. ಮಾಡೋಕೆ ಕೆಲಸ ಇಲ್ಲ. ಬಿಸಿಲು, ಹೆಂಡ, ಜ್ವರ, ಮನೆ ನೆನಪು... ಫ್ರಾಂಕ್ ರಿಚರ್ಡ್ಸ್ ಅನ್ನೋ ಹಳೇ ಸಿಪಾಯಿ 1936ರಲ್ಲಿ ಬರೆದ 'ಓಲ್ಡ್ ಸೋಲ್ಜರ್ ಸಾಹಿಬ್' ಪುಸ್ತಕದಲ್ಲಿ ಈ ಕಾಯುವಿಕೆಯ ಕಥೆ ಬರುತ್ತೆ.

ಮೊದಲು ಅದು 'ಡೂಲಾಲಿ ಟ್ಯಾಪ್' ಅಂತ ಇತ್ತು. ಟ್ಯಾಪ್ ಅಂದ್ರೆ ನಲ್ಲಿ ಅಲ್ಲ, ನಮ್ಮ ತಾಪ! ಜ್ವರ, ಕಾವು. ದೇವಳಾಲಿಯ ತಾಪ ಹತ್ತಿದೆ ಅಂತ ಸಿಪಾಯಿಗಳು ತಮ್ಮ ಪಾಡಿಗೆ ತಾವೇ ನಗ್ತಿದ್ರು. ಆಮೇಲೆ ತಾಪ ಉದುರಿಹೋಯ್ತು, ಊರಿನ ಹೆಸರು ಮಾತ್ರ ಉಳೀತು. ಈಗ ಅದನ್ನು ಆಡುವ ಎಷ್ಟೋ ಜನಕ್ಕೆ ಅದೊಂದು ಊರು ಅಂತಲೇ ಗೊತ್ತಿರಲಿಕ್ಕಿಲ್ಲ. (ದೇವಳಾಲಿಯಲ್ಲಿ ಈಗ ನಮ್ಮ ಸೇನೆಯ ಫಿರಂಗಿ ತರಬೇತಿ ಶಾಲೆ ಇದೆ.)

ಇದರಲ್ಲಿ ಇಂಗ್ಲಿಷಿನವರದ್ದೇನೂ ಹೆಚ್ಚುಗಾರಿಕೆ ಇಲ್ಲ ಬಿಡಿ. ಬೆಂಗಳೂರಲ್ಲಿ ಯಾರಾದ್ರೂ ವಿಚಿತ್ರವಾಗಿ ಆಡಿದ್ರೆ "ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತಾರೆ. ನಮ್ಮ ಕಡೆ "ಇವನ್ನ ಧಾರವಾಡಕ್ಕ ಕಳಸಬೇಕು" ಅಂದ್ರೆ ಮುಗೀತು, ಎಲ್ಲರೂ ನಗ್ತಾರೆ. ಆಸ್ಪತ್ರೆ ಅಂತ ಹೇಳೋದೂ ಬೇಡ, ಊರಿನ ಹೆಸರೇ ಸಾಕು. ಅಷ್ಟೊಂದು ಕವಿಗಳು, ಗಾಯಕರು ಇದ್ದ ಊರು ಅದು!

ನಮ್ಮ ಸೋದರತ್ತೆಯೊಬ್ಬರು ಅಲ್ಲಿ ಆರು ತಿಂಗಳು ಚಿಕಿತ್ಸೆ ತಗೊಂಡು ವಾಸಿಯಾಗಿ ಬಂದ್ರು. ಆಮೇಲೆ ಮೂವತ್ತು ವರ್ಷ ಹೊಲ, ಮನೆ ಎರಡನ್ನೂ ಅವರೇ ನಡೆಸಿದ್ರು. ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗ್ತಿರಲಿಲ್ಲ. ಆದರೂ ಅಜ್ಜಿ ಎದುರಿಗೆ ಆ ಊರಿನ ಹೆಸರು ಎತ್ತುವ ಹಾಗಿರಲಿಲ್ಲ. ನೆಂಟರು ಯಾರಾದ್ರೂ ಅಲ್ಲಿಂದ ಪೇಡಾ ತಂದರೂ ನಮ್ಮನೇಲಿ ಅದು ಬರೀ ಪೇಡಾ.